ಯಾದವಗಿರಿಯ ಗಾಡಿ, ಚೆಮ್ನಿಟ್ಸಿನ ಬೇರು

ಸಂಘದ ವಾರ್ಷಿಕೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ, ವೈದ್ಯರಾದ ನಾವು ಸಕ್ಕರೆ ಕಾಯಿಲೆಯ ಬಗೆಗೋ ರಕ್ತದೊತ್ತಡದ ಬಗೆಗೋ ಬರೆಯುತ್ತೇವೆಂದು ಅವರು ಎಣಿಸಿರಬೇಕು. ಆ ವಿಷಯಗಳನ್ನು ನಮ್ಮ ಬಂಧುಮಿತ್ರರು ಯುಗಾದಿ ಊಟದ ಸರದಿಯಲ್ಲಿ ನಿಂತಾಗ ಹೇಗೂ ಕೇಳಿ ತಿಳಿದುಕೊಳ್ಳುತ್ತಾರೆ. ಆದ್ದರಿಂದ ಈ ಸಲ ಬೇರೊಬ್ಬ ರೋಗಿಯ ಕಥೆ ಹೇಳಲು ಅಪ್ಪಣೆ ಬೇಡುತ್ತೇವೆ. ಈ ರೋಗಿಯ ವಯಸ್ಸು ಅರವತ್ತು ದಾಟಿದೆ. ಹುಟ್ಟಿದ್ದು ಅಂದಿನ ಚೆಕೊಸ್ಲೊವಾಕಿಯಾದಲ್ಲಿ, ಮನೆತನದ ಮೂಲ ಜರ್ಮನಿಯಲ್ಲಿ, ದಾಯಾದಿಗಳೆಲ್ಲ ಮೈಸೂರಿನಲ್ಲಿ. ಹೆಸರು ಜಾವಾ.

ಕನ್ನಡಕ್ಕೂ ಜರ್ಮನಿಗೂ ಇರುವ ನಂಟು ಎಂದೊಡನೆ ನಮ್ಮ ಸಭೆಗಳಲ್ಲಿ ಎರಡು ಹೆಸರುಗಳು ಬಂದೇ ಬರುತ್ತವೆ. ಒಂದು, 1843ರಲ್ಲಿ 'ಮಂಗಳೂರು ಸಮಾಚಾರ'ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್. ಇನ್ನೊಂದು, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ ಫರ್ಡಿನಾಂಡ್ ಕಿಟ್ಟೆಲ್. ಅವರ ಋಣ ದೊಡ್ಡದು, ಅದನ್ನು ಬಲ್ಲವರು ಬರೆದಿದ್ದಾರೆ. ನಾವು ಹೇಳಹೊರಟಿರುವ ನಂಟು ಅಷ್ಟು ಘನವಾದದ್ದಲ್ಲ. ಅದಕ್ಕೆ ಸುಟ್ಟ ಎಣ್ಣೆಯ ವಾಸನೆ ಇದೆ. ಆದರೆ ಮೈಸೂರು ಸೀಮೆಯಲ್ಲಿ ಬೆಳೆದ ನಮ್ಮ ತಲೆಮಾರಿನವರಿಗೆ ಆ ವಾಸನೆಯೇ ಬಾಲ್ಯದ ವಾಸನೆ.

ಕೊಟ್ಟಿಗೆಯಲ್ಲಿ ಸಿಕ್ಕ ಕೆಂಪು ಗಾಡಿ

ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಜರ್ಮನಿಯಲ್ಲಿ ರೆಸಿಡೆನ್ಸಿ ಮಾಡಿ, ಈಗ ಲೈಪ್‌ಝಿಗ್ ನಗರದಲ್ಲಿ ನೆಲೆಸಿದ್ದೇವೆ. ಎರಡು ವರ್ಷಗಳ ಹಿಂದೆ ಶರತ್ಕಾಲದ ಒಂದು ಶನಿವಾರ, ಸ್ಯಾಕ್ಸನಿಯ ಹಳ್ಳಿಯೊಂದರಲ್ಲಿ ಹಳೆಯ ಮನೆಯ ಸಾಮಾನುಗಳನ್ನು ಮಾರುತ್ತಿದ್ದಾರೆಂದು ತಿಳಿದು ಹೋದೆವು. ನಮ್ಮ ಮನೆಯವರಿಗೆ ಒಂದು ಬೀರು ಬೇಕಾಗಿತ್ತು. ಕೊಟ್ಟಿಗೆಯ ಮೂಲೆಯಲ್ಲಿ, ಆಲೂಗೆಡ್ಡೆಯ ಗೋಣಿಚೀಲಗಳ ಹಿಂದೆ, ಕಡುಗೆಂಪು ಬಣ್ಣದ ಪೆಟ್ರೋಲ್ ಟ್ಯಾಂಕ್ ಒಂದು ಕಣ್ಣಿಗೆ ಬಿತ್ತು. ಚೀಲ ಸರಿಸಿ ನೋಡಿದರೆ ಜಾವಾ 250. ಮಾದರಿ ಸಂಖ್ಯೆ 353, ತಯಾರಾದ ವರ್ಷ 1960. ಪೂರ್ವ ಜರ್ಮನಿಯ ಕಾಲದಲ್ಲಿ ಚೆಕೊಸ್ಲೊವಾಕಿಯಾದಿಂದ ಬಂದು, ದಶಕಗಳಿಂದ ಚಲಿಸದೆ ನಿಂತ ಗಾಡಿ. ಟಯರುಗಳು ನೆಲಕ್ಕೆ ಅಂಟಿಹೋಗಿದ್ದವು, ಕಾಗದಪತ್ರ ಒಂದೂ ಇರಲಿಲ್ಲ.

ನಾವು ಬಗ್ಗಿ ಎಡಗಡೆಯ ಲಿವರನ್ನು ನೋಡಿದೆವು. ಜಾವಾ ಓಡಿಸಿದವರಿಗೆ ಇದರ ಮರ್ಮ ಗೊತ್ತು. ಗೇರ್ ಬದಲಿಸುವುದೂ ಅದೇ, ಕಿಕ್ ಹೊಡೆಯುವುದೂ ಅದೇ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಮರಳಿ ಬಿಟ್ಟರೆ ಗೇರ್. ನಮ್ಮ ತಂದೆಯವರ ಗಾಡಿಯಲ್ಲಿ ಇದನ್ನು ತಿರುಗಿಸುವ ಅಧಿಕಾರ ನಮಗೆ ಸಿಕ್ಕಿದ್ದು ಎಂಟನೆಯ ವಯಸ್ಸಿನಲ್ಲಿ. ಅಂದು ಬೀರು ಬರಲಿಲ್ಲ, ಗಾಡಿ ಬಂತು. ಅದರ ಪರಿಣಾಮವನ್ನು ವಿವರಿಸುವುದು ಇಲ್ಲಿ ಅನಗತ್ಯ.

ಹೆಸರಿನ ಅರ್ಧ ಜರ್ಮನಿಯದು

ಜಾವಾ ಎಂದರೆ ಇಂಡೋನೇಷ್ಯಾದ ದ್ವೀಪವೆಂದೇ ನಾವು ಬಹುಕಾಲ ತಿಳಿದಿದ್ದೆವು. ನಿಜಸಂಗತಿ ಬೇರೆ. ಪ್ರಾಗ್ ನಗರದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಶಸ್ತ್ರಾಸ್ತ್ರ ತಯಾರಕರಿದ್ದರು. ಮೊದಲನೆಯ ಮಹಾಯುದ್ಧ ಮುಗಿದು ವರ್ಷಗಳುರುಳಿದಂತೆ ಬಂದೂಕಿನ ಬೇಡಿಕೆ ಇಳಿಯಿತು, ಕಾರ್ಖಾನೆಗೆ ಬೇರೆ ಕೆಲಸ ಬೇಕಾಯಿತು. ಅದೇ ಸಮಯಕ್ಕೆ ಜರ್ಮನಿಯ ಚೆಮ್ನಿಟ್ಸ್ ನಗರದ ವಾಂಡರರ್ ಕಂಪನಿ ತನ್ನ ಮೋಟಾರ್ ಸೈಕಲ್ ವ್ಯವಹಾರದಿಂದ ಕೈತೊಳೆದುಕೊಳ್ಳಲು ನೋಡುತ್ತಿತ್ತು. ವಾಂಡರರ್ ಹುಟ್ಟಿದ್ದು 1885ರಲ್ಲಿ, ವಿಂಕ್ಲ್‌ಹೋಫರ್ ಮತ್ತು ಯೇನಿಕೆ ಎಂಬಿಬ್ಬರ ಸೈಕಲ್ ಅಂಗಡಿಯಾಗಿ. 1902ರಲ್ಲಿ ಅದು ಮೋಟಾರ್ ಸೈಕಲ್ ತಯಾರಿಕೆಗೆ ಇಳಿದಿತ್ತು. ಅದರ 500 ಸಿಸಿ ಗಾಡಿಯ ವಿನ್ಯಾಸ ಮತ್ತು ಹಕ್ಕುಗಳನ್ನು ಯಾನೆಚೆಕ್ 1929ರಲ್ಲಿ ಕೊಂಡರು. ಯಾನೆಚೆಕ್ ಹೆಸರಿನ ಮೊದಲೆರಡು ಅಕ್ಷರ, ವಾಂಡರರ್ ಹೆಸರಿನ ಮೊದಲೆರಡು ಅಕ್ಷರ, ಎರಡೂ ಸೇರಿ ಜಾವಾ ಆಯಿತು.

ಒತ್ತಿ ತಯಾರಿಸಿದ ಉಕ್ಕಿನ ಚೌಕಟ್ಟು, ಚೈನಿನ ಬದಲು ಶಾಫ್ಟ್ ಇದ್ದ ಆ ಮೊದಲ ಜಾವಾ ಬಹಳ ದುಬಾರಿಯಾಗಿತ್ತು. ಜೊತೆಗೆ ಜಗತ್ತಿನ ಆರ್ಥಿಕ ಕುಸಿತವೂ ಬಂತು. ಯಾನೆಚೆಕ್ ಚಿಕ್ಕ, ಅಗ್ಗದ ಟೂ ಸ್ಟ್ರೋಕ್ ಗಾಡಿಗಳತ್ತ ತಿರುಗಿದರು. ಇಲ್ಲಿಯೂ ಸ್ಯಾಕ್ಸನಿಯ ಪ್ರಭಾವ ಇದ್ದೇ ಇತ್ತು. ಚೆಮ್ನಿಟ್ಸಿನಿಂದ ಕೆಲವೇ ಮೈಲಿ ದೂರದ ಚೋಪೌ ಊರಿನಲ್ಲಿ ಡೆನ್ಮಾರ್ಕಿನಿಂದ ಬಂದ ರಾಸ್ಮುಸ್ಸೆನ್ ಎಂಬುವರು ಕಟ್ಟಿದ ಡಿಕೆಡಬ್ಲ್ಯು ಕಾರ್ಖಾನೆ 1920ರ ದಶಕದ ಕೊನೆಗೆ ಜಗತ್ತಿನಲ್ಲೇ ಅತಿ ದೊಡ್ಡ ಮೋಟಾರ್ ಸೈಕಲ್ ತಯಾರಕ ಸಂಸ್ಥೆಯಾಗಿತ್ತು. ಜರ್ಮನ್ ಇಂಜಿನಿಯರ್ ಆಡೋಲ್ಫ್ ಶ್ನ್ಯೂರ್ಲೆ ಕಂಡುಹಿಡಿದ ಒಂದು ವಿಧಾನವನ್ನು ಅದು ಬಳಕೆಗೆ ತಂದಿತು. ಸಿಲಿಂಡರಿಗೆ ನುಗ್ಗುವ ಹೊಸ ಅನಿಲ ಎದುರು ಗೋಡೆಗೆ ಬಡಿದು, ಕುಣಿಕೆಯಂತೆ ಮೇಲಕ್ಕೆ ಸುತ್ತಿ ಬಂದು, ಸುಟ್ಟ ಹೊಗೆಯನ್ನು ಹೊರದೂಡುತ್ತದೆ. ನಮ್ಮ ಜಾವಾ 250ರ ಎಂಜಿನ್ನಿಗೂ ಇದೇ ತತ್ವ ಆಧಾರ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಏಕೆ ಎಂದು ಚಿಕ್ಕಂದಿನಲ್ಲಿ ಕೇಳಿ, 'ಚೆಂದಕ್ಕೆ' ಎಂಬ ಉತ್ತರ ಪಡೆದಿದ್ದೆವು. ಅದು ಚೆಂದಕ್ಕಲ್ಲ, ಸಿಲಿಂಡರಿನಲ್ಲಿ ಹೊಗೆ ಹೊರಬೀಳುವ ಬಾಯಿಗಳೇ ಎರಡು.

1941ರಲ್ಲಿ ಯಾನೆಚೆಕ್ ತೀರಿಕೊಂಡರು. ಯುದ್ಧದ ನಂತರ ಕಾರ್ಖಾನೆ ರಾಷ್ಟ್ರೀಕರಣವಾಯಿತು. 1946ರ ಪ್ಯಾರಿಸ್ ಪ್ರದರ್ಶನದಲ್ಲಿ ಜಾವಾದ ಹೊಸ 250 ಗಾಡಿ ಚಿನ್ನದ ಪದಕ ಗಳಿಸಿತು. ಅದರ ಮುಂದಿನ ರೂಪವೇ 1954ರಲ್ಲಿ ಬಂದ 353. ಇತ್ತ ವಾಂಡರರ್ ಕಂಪನಿಯ ಕಾರು ವಿಭಾಗ 1932ರಲ್ಲಿ ಆಡಿ, ಹೋರ್ಖ್, ಡಿಕೆಡಬ್ಲ್ಯು ಜೊತೆ ಸೇರಿ ಆಟೋ ಯೂನಿಯನ್ ಆಗಿತ್ತು. ಇಂದು ರಸ್ತೆಯಲ್ಲಿ ನಾವು ಕಾಣುವ ಆಡಿ ಕಾರಿನ ನಾಲ್ಕು ಉಂಗುರಗಳಲ್ಲಿ ಒಂದು ವಾಂಡರರ್‌ನದು. ಹೆಸರು ಹೋಯಿತು, ಉಂಗುರ ಉಳಿಯಿತು.

ಮೈಸೂರಿಗೆ ಬಂದದ್ದು

ಐವತ್ತರ ದಶಕದಲ್ಲಿ ಭಾರತ ಸರ್ಕಾರ ವಾಹನಗಳ ಆಮದನ್ನು ಬಿಗಿಗೊಳಿಸಿತು. ಮುಂಬಯಿಯಲ್ಲಿ ಜಾವಾ ಗಾಡಿಗಳನ್ನು ತರಿಸಿ ಮಾರುತ್ತಿದ್ದ ಪಾರಸಿ ಮನೆತನದವರಿಗೆ ಉಳಿದ ದಾರಿ ಒಂದೇ, ಇಲ್ಲಿಯೇ ತಯಾರಿಸುವುದು. ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಅವರು 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿಯನ್ನು ಸ್ಥಾಪಿಸಿದರು. ಯಾದವಗಿರಿಯ ಕಾರ್ಖಾನೆಯನ್ನು ಅಂದು ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ಅವರು ಉದ್ಘಾಟಿಸಿದರು. 1961ರಲ್ಲಿ ಗಾಡಿಗಳು ಹೊರಬರತೊಡಗಿದವು. ಮೊದಲು ಬಂದ ಮಾದರಿ ಯಾವುದು? ಸ್ಯಾಕ್ಸನಿಯ ಕೊಟ್ಟಿಗೆಯಲ್ಲಿ ನಮಗೆ ಸಿಕ್ಕ ಅದೇ 353.

ಚೆಕ್ ಕಂಪನಿಯ ಪರವಾನಗಿ ಮುಗಿದ ಮೇಲೆ, 1973ರಿಂದ, ಮೈಸೂರಿನ ಗಾಡಿ ಯೆಜ್ಡಿ ಎಂಬ ಹೆಸರು ಪಡೆಯಿತು. ಇರಾನಿನ ಯಜ್ದ್ ನಗರದ ನೆನಪಿನ ಹೆಸರದು. 1978ರಲ್ಲಿ ರೋಡ್‌ಕಿಂಗ್ ಬಂತು. ಅಧ್ಯಾಪಕರು, ಪೊಲೀಸರು, ಕಾಫಿ ತೋಟದ ಮೇಸ್ತ್ರಿಗಳು, ಎರಡು ಕಡೆ ಕ್ಯಾನು ಕಟ್ಟಿದ ಹಾಲಿನವರು, ಎಲ್ಲರ ಗಾಡಿಯೂ ಅದೇ ಆಯಿತು. ಸಂಜೆ ಯಾದವಗಿರಿಯ ಕಡೆ ಹೋದರೆ ಕೆಲಸ ಮುಗಿಸಿ ಬರುವವರ ಸೈಕಲ್ಲುಗಳ ಸಾಲು ನಮಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮೋಟಾರ್ ಸೈಕಲ್ ತಯಾರಿಸುವವರು ಸೈಕಲ್ಲಿನಲ್ಲಿ ಮನೆಗೆ ಹೋಗುತ್ತಿದ್ದರು.

1984-85ರ ಹೊತ್ತಿಗೆ ಜಪಾನಿನ ಸಹಯೋಗದ 100 ಸಿಸಿ ಗಾಡಿಗಳು ಬಂದವು. ಇಂಡ್-ಸುಜುಕಿ, ಹೀರೋ ಹೋಂಡಾ, ಯಮಾಹಾ, ಒಂದರ ಹಿಂದೆ ಒಂದು. ಹಗುರ, ಸದ್ದು ಕಡಿಮೆ, ಎಲ್ಲಕ್ಕಿಂತ ಮಿಗಿಲಾಗಿ ಪೆಟ್ರೋಲಿನ ಉಳಿತಾಯ. ಮೇಲೆ ಕಾರ್ಮಿಕ ವಿವಾದಗಳು, ಹೊಗೆಯ ಬಗ್ಗೆ ಹೊಸ ಕಟ್ಟಳೆಗಳು. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. ನಾವಾಗ ಹೈಸ್ಕೂಲಿನಲ್ಲಿದ್ದೆವು. ಮುಚ್ಚಿದ್ದಕ್ಕೆ ಯಾರು ಕಾರಣ ಎಂದು ಊರಿನಲ್ಲಿ ಬೇಕಾದಷ್ಟು ಮಾತುಗಳಿದ್ದವು, ಆಡಳಿತ, ಯೂನಿಯನ್, ಸರ್ಕಾರ, ಜಪಾನ್. ಆ ಪಟ್ಟಿಯಲ್ಲಿ ನಮ್ಮ ಮನೆಯ ಹೆಸರು ಇರಲಿಲ್ಲ. ಆದರೆ ಇರಬೇಕಿತ್ತು. ಸರಸ್ವತಿಪುರದ ನಮ್ಮ ಮನೆಯಲ್ಲಿ 1975ರಿಂದ ಇದ್ದ ಜಾವಾವನ್ನು ತಂದೆಯವರು 1989ರಲ್ಲಿ ನಂಜನಗೂಡಿನ ಕಡೆಯ ಹಾಲಿನವರೊಬ್ಬರಿಗೆ ಮಾರಿ, 100 ಸಿಸಿಯ ಹೊಸ ಗಾಡಿ ತಂದರು. ಮೇಷ್ಟರ ಸಂಬಳಕ್ಕೆ ಲೀಟರಿಗೆ ಇಮ್ಮಡಿ ದೂರ ಹೋಗುವ ಗಾಡಿ ದೇವರು ಕೊಟ್ಟ ವರವೇ ಸರಿ. ಮನೆಮಂದಿಯೆಲ್ಲ ಸಂತೋಷಪಟ್ಟೆವು. ನಮ್ಮಂಥ ಸಾವಿರಾರು ಮನೆಗಳು ಹೀಗೆ ಸಂತೋಷಪಟ್ಟದ್ದೇ ಯಾದವಗಿರಿಯ ಕಾರ್ಖಾನೆಗೆ ಮುಳುವಾಯಿತು. ಇದರಲ್ಲಿ ತಪ್ಪಿತಸ್ಥರು ಯಾರೂ ಇಲ್ಲ. ಆದರೆ ಕಾರ್ಖಾನೆಯ ಕಥೆ ಹೇಳುವಾಗ ನಮ್ಮನ್ನು ಬಿಟ್ಟು ಹೇಳಿದರೆ ಅದು ಪೂರ್ತಿ ಕಥೆಯಾಗದು.

ರೋಗಪರೀಕ್ಷೆ

ಈಗ ನಮ್ಮ ರೋಗಿಯ ಬಳಿಗೆ ಬರೋಣ. ದೀರ್ಘಕಾಲ ನಿಂತ ಗಾಡಿಯನ್ನು ಕೊಂಡವರು ಮಾಡುವ ಮೊದಲ ತಪ್ಪೆಂದರೆ ತಕ್ಷಣ ಕಿಕ್ ಹೊಡೆಯುವುದು. ಒಳಗೆ ತುಕ್ಕು ಹಿಡಿದಿದ್ದರೆ ಆ ಒಂದೇ ಏಟಿಗೆ ಪಿಸ್ಟನ್ ಉಂಗುರ ಮುರಿಯುತ್ತದೆ. ನಾವು ಪ್ಲಗ್ಗನ್ನು ಬಿಚ್ಚಿ, ಆ ರಂಧ್ರದಿಂದ ಸ್ವಲ್ಪ ಎಣ್ಣೆ ಬಿಟ್ಟು, ಎರಡು ದಿನ ಕಾದೆವು. ನಂತರ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಿಂದಲೇ ನಿಧಾನವಾಗಿ ತಿರುಗಿಸಿದೆವು. ಪಿಸ್ಟನ್ ಅಲುಗಾಡಿತು. ನಾಡಿ ಸಿಕ್ಕಿತು ಎನ್ನಿ.

ಟ್ಯಾಂಕಿನಲ್ಲಿ ಹಳೆಯ ಪೆಟ್ರೋಲು ಬೆಲ್ಲದ ಪಾಕದಂತೆ ಗಟ್ಟಿಯಾಗಿತ್ತು. ಅದನ್ನು ತೊಳೆದು, ತುಕ್ಕಿಗೆ ಸಿಟ್ರಿಕ್ ಆಮ್ಲ ಹಾಕಿ ಇಟ್ಟು, ಮತ್ತೆ ತೊಳೆದು ಒಣಗಿಸಿದೆವು. ಕಾರ್ಬುರೇಟರಿನ ಕೂದಲೆಳೆಯಂಥ ರಂಧ್ರಗಳನ್ನು ಶುಚಿ ಮಾಡಿದ್ದು ನಮ್ಮ ಮಗಳು. ಅವಳ ಬೆರಳು ಸಣ್ಣ, ತಾಳ್ಮೆ ನಮ್ಮದಕ್ಕಿಂತ ದೊಡ್ಡದು. ಕಿಡಿ ಹುಟ್ಟಿಸುವ ಪಾಯಿಂಟುಗಳನ್ನು ಉಜ್ಜಿ, 0.4 ಮಿಲಿಮೀಟರ್ ಅಂತರಕ್ಕೆ ಹೊಂದಿಸಿ, ಹೊಸ ಕಂಡೆನ್ಸರ್ ಹಾಕಿದೆವು. 6 ವೋಲ್ಟಿನ ಹೊಸ ಬ್ಯಾಟರಿ ಬಂತು. ಹೊಸ ಪ್ಲಗ್ ಹಾಕುವಾಗ ಅದರ ಮೇಲಿದ್ದ ಬಾಷ್ ಹೆಸರನ್ನು ನೋಡಿ ನಗು ಬಂತು. ತಂದೆಯವರು ಮೈಸೂರಿನಲ್ಲಿ ಹಾಕುತ್ತಿದ್ದದ್ದು ಮೈಕೋ ಪ್ಲಗ್. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಆ ಮೈಕೋ ಇದೇ ಬಾಷ್ ಸಂಸ್ಥೆಯ ಕೂಸು.

25 ಪಾಲು ಪೆಟ್ರೋಲಿಗೆ 1 ಪಾಲು ಎಣ್ಣೆ ಬೆರೆಸಿ ಕಿಕ್ ಹೊಡೆದೆವು. ಏಳನೆಯ ಏಟಿಗೆ ಎಂಜಿನ್ ಎದ್ದಿತು. ಆದರೆ ಎದ್ದದ್ದು ಕೂರಲೇ ಇಲ್ಲ. ಆಕ್ಸಿಲರೇಟರ್ ಪೂರ್ತಿ ಮುಚ್ಚಿದರೂ ವೇಗ ಇಳಿಯದೆ ಕಿರುಚುತ್ತಿತ್ತು. ಕಾರ್ಬುರೇಟರ್ ದೋಷವೆಂದು ತೀರ್ಮಾನಿಸಿ ಮೂರು ವಾರ ಅದಕ್ಕೇ ಚಿಕಿತ್ಸೆ ಮಾಡಿದೆವು. ಬಿಚ್ಚಿದೆವು, ಕಟ್ಟಿದೆವು, ಹೊಸ ಜೆಟ್ ಹಾಕಿದೆವು. ಗುಣ ಕಾಣಲಿಲ್ಲ. ಒಂದು ಭಾನುವಾರ ಮೈಸೂರಿಗೆ ಫೋನ್ ಮಾಡಿದಾಗ ಗಾಡಿ ಹಿನ್ನೆಲೆಯಲ್ಲಿ ಕಿರುಚುತ್ತಿತ್ತು. ಎಪ್ಪತ್ತೊಂಬತ್ತು ವರ್ಷದ ತಂದೆಯವರು, ಈಚೆಗೆ ನಮ್ಮ ಮಾತನ್ನೇ ಎರಡು ಸಲ ಹೇಳಿಸಿಕೊಳ್ಳುವವರು, ಅದನ್ನು ಮಾತ್ರ ಒಂದೇ ಸಲಕ್ಕೆ ಕೇಳಿಸಿಕೊಂಡರು.

"ಗಾಳಿ ಕುಡೀತಾ ಇದೆ ಕಣಯ್ಯ. ಕಾರ್ಬುರೇಟರ್ ಮುಟ್ಟಬೇಡ. ಬಲಗಡೆ ಡೈನಮೋ ಹಿಂದೆ ಸೀಲ್ ಇದೆ, ಅದನ್ನ ನೋಡು."

ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಇರುವ ಪೆಟ್ಟಿಗೆಯೇ ಪಂಪಿನ ಕೆಲಸ ಮಾಡುತ್ತದೆ. ಅಲ್ಲಿನ ರಬ್ಬರ್ ಸೀಲ್ ಒಣಗಿ ಬಿರಿದರೆ ಹೊರಗಿನ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಹತೋಟಿ ತಪ್ಪುತ್ತದೆ, ಅತಿಯಾಗಿ ಬಿಸಿಯಾಗಿ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಬಿಚ್ಚಿ ನೋಡಿದರೆ ಸೀಲ್ ಹಳೆಯ ಹಪ್ಪಳದಂತೆ ಪುಡಿಯಾಯಿತು. ಕೆಲವೇ ಯೂರೋ ಬೆಲೆಯ ವಸ್ತು. ರೋಗಿಯನ್ನು ಮುಟ್ಟದೆ, ಏಳು ಸಾವಿರ ಕಿಲೋಮೀಟರಿಗೂ ಆಚೆಯಿಂದ, ಬರೀ ಕಿವಿಯಿಂದ ಮಾಡಿದ ರೋಗನಿದಾನ! ಲಕ್ಷಣಕ್ಕೆ ಮದ್ದು ಕೊಡಬೇಡಿ, ಮೂಲ ಹುಡುಕಿ ಎಂದು ಕಿರಿಯ ವೈದ್ಯರಿಗೆ ದಿನವೂ ಉಪದೇಶ ಮಾಡುವ ನಮಗೆ ಅಂದು ನಾಚಿಕೆಯಾದದ್ದು ನಿಜ.

ಇನ್ನು ಆ ಲಿವರ್. ಅದರ ಹಲ್ಲುಗಳು ಸವೆದು ಜಾರುತ್ತಿದ್ದವು. ಮರುವರ್ಷದ ಜುಲೈನಲ್ಲಿ ರಜೆಗೆ ಮೈಸೂರಿಗೆ ಹೋದೆವು. ಆ ತಿಂಗಳ ಎರಡನೆಯ ಭಾನುವಾರವನ್ನು ಜಾವಾ-ಯೆಜ್ಡಿ ದಿನವೆಂದು ಆಚರಿಸುತ್ತಾರೆ. ಕಾರ್ಖಾನೆ ಮುಚ್ಚಿ ಇಷ್ಟು ವರ್ಷಗಳಾದರೂ ಗಾಡಿಗಳು ಸಾಲುಗಟ್ಟಿ ಬರುತ್ತವೆ. ಅವನ್ನು ಬದುಕಿಸಿಟ್ಟವರು ಬೀದಿಬದಿಯ ಮೆಕ್ಯಾನಿಕ್ಕುಗಳು. ಅಂಥವರೊಬ್ಬರು ನಮ್ಮ ಸವೆದ ಲಿವರನ್ನು ಕೈಯಲ್ಲಿ ಹಿಡಿದು ನೋಡಿ, ಮಾತಾಡದೆ ಒಳಗೆ ಹೋಗಿ, ಡಬ್ಬಿಯೊಂದರಿಂದ ಅಂಥದ್ದೇ ಇನ್ನೊಂದನ್ನು ತಂದು ಮೇಜಿನ ಮೇಲಿಟ್ಟರು. ಅರವತ್ತರ ದಶಕದ ಮೈಸೂರಿನ ಮಾಲು. ಸಾಂಬಾರ್ ಪುಡಿ, ಹಪ್ಪಳದ ಜೊತೆ ಅದೂ ನಮ್ಮ ಪೆಟ್ಟಿಗೆ ಸೇರಿತು. ಲೈಪ್‌ಝಿಗ್‌ನಲ್ಲಿ ಜೋಡಿಸಿದಾಗ ಒಂದು ಹಲ್ಲೂ ಹೆಚ್ಚುಕಡಿಮೆಯಿಲ್ಲದೆ ಕೂತಿತು.

ಪರೀಕ್ಷೆ ಎಂಬ ಪರೀಕ್ಷೆ

ಗಾಡಿ ಓಡಿದರೆ ಸಾಲದು, ಓಡಲು ಯೋಗ್ಯವೆಂದು ಜರ್ಮನಿ ಒಪ್ಪಬೇಕು. 1865ರಲ್ಲಿ ಮ್ಯಾನ್‌ಹೈಮ್‌ನ ಬಿಯರ್ ತಯಾರಿಕಾ ಘಟಕವೊಂದರಲ್ಲಿ ಹಬೆಯ ಬಾಯ್ಲರ್ ಸಿಡಿಯಿತು. ಮರುವರ್ಷ, ಬಾಯ್ಲರುಗಳನ್ನು ತಪಾಸಣೆ ಮಾಡಲು ಅಲ್ಲಿನ ಮಾಲೀಕರೇ ಒಂದು ಸಂಘ ಕಟ್ಟಿಕೊಂಡರು. ಇಂದು ನಾವೆಲ್ಲ ಕಾರು ತೆಗೆದುಕೊಂಡು ಎದೆ ಡವಡವ ಎನ್ನುತ್ತ ಹೋಗುವ ಟ್ಯೂಫ್‌ನ ಮೂಲ ಅದೇ. ಪಶ್ಚಿಮ ಜರ್ಮನಿಯಲ್ಲಿ ವಾಹನಗಳ ನಿಯತ ತಪಾಸಣೆ ಕಡ್ಡಾಯವಾದದ್ದು 1951ರಲ್ಲಿ, ಸಂಖ್ಯಾಫಲಕದ ಮೇಲಿನ ದುಂಡು ಚೀಟಿ ಬಂದದ್ದು 1961ರಲ್ಲಿ.

ನಮ್ಮ ಗಾಡಿಗೆ ಕಾಗದಪತ್ರವಿಲ್ಲದ್ದರಿಂದ ಕಳವಿನ ಮಾಲಲ್ಲವೆಂದು ಮೊದಲು ಖಚಿತಪಡಿಸಬೇಕಾಯಿತು. ನಂತರ 21ನೇ ಕಲಮಿನ ಪ್ರಕಾರ ಪೂರ್ಣ ತಪಾಸಣೆ. ಕೆಲವು ವಿನಾಯಿತಿಗಳೂ ಇದ್ದವು. 1962ಕ್ಕೆ ಮೊದಲು ರಸ್ತೆಗಿಳಿದ ಮೋಟಾರ್ ಸೈಕಲ್ಲಿಗೆ ತಿರುವು ತೋರಿಸುವ ದೀಪ ಬೇಕಿಲ್ಲ, ಹೊಗೆಯ ಪರೀಕ್ಷೆಯೂ ಇಲ್ಲ. ಆದರೂ ಮೊದಲ ಸಲ ನಪಾಸಾದೆವು. ಹ್ಯಾಂಡಲಿನ ಬೇರಿಂಗ್ ಸಡಿಲವಾಗಿತ್ತು, ಮುಂದಿನ ಬ್ರೇಕು ಸಾಲದಾಗಿತ್ತು. ಎರಡೂ ನಮ್ಮದೇ ಅಸಡ್ಡೆ. ಸೀಲಿನ ಗೆಲುವಿನ ಗುಂಗಿನಲ್ಲಿ ಬ್ರೇಕನ್ನು ಮರೆತಿದ್ದೆವು. ಹೊಸ ಲೈನಿಂಗ್, ಹೊಸ ಗುಂಡುಗಳು ಹಾಕಿ ಮತ್ತೆ ಹೋದೆವು.

ಎರಡನೆಯ ಸಲ 23ನೇ ಕಲಮಿನ ಪರೀಕ್ಷೆಯನ್ನೂ ಕೇಳಿದೆವು. 30 ವರ್ಷ ತುಂಬಿದ, ಮೂಲರೂಪವನ್ನು ಬಹುಮಟ್ಟಿಗೆ ಉಳಿಸಿಕೊಂಡ, ಚೆನ್ನಾಗಿಟ್ಟ ವಾಹನಕ್ಕೆ ಸಂಖ್ಯೆಯ ಕೊನೆಗೆ 'ಹಾ' ಎಂಬ ಅಕ್ಷರ ಸಿಗುತ್ತದೆ. 1997ರಲ್ಲಿ ಬಂದ ಏರ್ಪಾಡು ಇದು. ವಾಹನ ತಂತ್ರಜ್ಞಾನದ ಸಾಂಸ್ಕೃತಿಕ ಪರಂಪರೆಯನ್ನು ಕಾಪಾಡುವುದು ಇದರ ಉದ್ದೇಶವೆಂದು ಕಾನೂನಿನಲ್ಲೇ ಬರೆದಿದೆ. ದೊಡ್ಡ ಕಾರಿನವರಿಗೆ ಇದರಿಂದ ತೆರಿಗೆ ಉಳಿಯುತ್ತದೆ. ನಮಗೆ ನಷ್ಟ! 250 ಸಿಸಿಗೆ ಸಾಮಾನ್ಯ ತೆರಿಗೆ ವರ್ಷಕ್ಕೆ ಸುಮಾರು 18 ಯೂರೋ, 'ಹಾ' ಪಡೆದರೆ 46 ಯೂರೋ. ಮೇಷ್ಟರ ಮಗನಾಗಿ ಈ ಲೆಕ್ಕ ನಮಗೆ ಅರ್ಥವಾಗದೆ ಇರಲಿಲ್ಲ. ಆದರೂ ಕೇಳಿದೆವು. ಒಂದು ಕಾಲಕ್ಕೆ ಲೀಟರಿನ ಲೆಕ್ಕ ಹಾಕಿ ಈ ಗಾಡಿಯನ್ನು ಮನೆಯಿಂದ ಕಳಿಸಿದ್ದೆವು, ಈ ಸಲ ಲೆಕ್ಕವನ್ನು ಪಕ್ಕಕ್ಕಿಟ್ಟೆವು.

ತಪಾಸಣಾಧಿಕಾರಿಗಳು ಒಂದೊಂದೇ ಭಾಗ ನೋಡುತ್ತ ಎಡಗಡೆಗೆ ಬಂದರು. ಲಿವರಿನ ಮೇಲೆ ಕೈಯಿಟ್ಟು, "ಇದು ಎಲ್ಲಿಯದು?" ಎಂದರು. ಹೊಸದಾಗಿ ಎರಕ ಹೊಯ್ದ ಬದಲಿ ಮಾಲೆಂದರೆ ಮೂಲರೂಪದ ಪ್ರಶ್ನೆ ಏಳುತ್ತದೆ. ಮೈಸೂರಿನದು ಎಂದೆವು. ಪ್ರಾಗ್‌ನ ಪರವಾನಗಿಯಲ್ಲಿ ಅದೇ ನಕ್ಷೆಯಿಂದ, ಅದೇ ದಶಕದಲ್ಲಿ, ನಮ್ಮ ಊರಿನಲ್ಲಿ ತಯಾರಾದದ್ದು ಎಂದು ವಿವರಿಸಿದೆವು. ಜೊತೆಗೆ, ಹೆಸರಿನ ಅರ್ಧ ಇಲ್ಲಿಯದೇ, ಚೆಮ್ನಿಟ್ಸಿನದು ಎಂದೂ ಸೇರಿಸಿದೆವು. ಅವರು ನಮ್ಮ ಮುಖ ನೋಡಿದರು. ಲಿವರನ್ನು ಒಳಕ್ಕೊತ್ತಿ, ಮೇಲಕ್ಕೆ ತಿರುಗಿಸಿ, ಒಮ್ಮೆ ಕಿಕ್ ಹೊಡೆದರು. ಎಂಜಿನ್ ಎದ್ದಿತು, ತಣ್ಣಗೆ ಕೂತಿತು. ಏನೂ ಬರೆಯದೆ ಮುಂದಿನ ಸಾಲಿಗೆ ಹೋದರು. ಯಾದವಗಿರಿಯ ಒಂದು ತುಂಡು ಉಕ್ಕು ಹೀಗೆ ಜರ್ಮನಿಯ ಸಾಂಸ್ಕೃತಿಕ ಪರಂಪರೆಗೆ ಸೇರಿತು.

ಚೆಮ್ನಿಟ್ಸಿಗೆ

ಸವಾರನ ಯೋಗ್ಯತೆಯೂ ಬೇಕಲ್ಲ. ನಮ್ಮ ಭಾರತದ ಲೈಸೆನ್ಸ್ ಇಲ್ಲಿ ಆರು ತಿಂಗಳಿಗೇ ಮುಗಿದಿತ್ತು. ನಲವತ್ತು ದಾಟಿದ ಮೇಲೆ ಹದಿಹರೆಯದ ಹುಡುಗರ ಜೊತೆ ಕೂತು ದ್ವಿಚಕ್ರದ ಪರೀಕ್ಷೆ ಬರೆದು ಪಾಸಾದೆವು. ಕಳೆದ ಬೇಸಿಗೆಯ ಒಂದು ಬೆಳಿಗ್ಗೆ, ಹೆದ್ದಾರಿ ಬಿಟ್ಟು ಹಳ್ಳಿಯ ದಾರಿ ಹಿಡಿದು, ಸುಮಾರು ಎಂಬತ್ತು ಕಿಲೋಮೀಟರ್ ದೂರದ ಚೆಮ್ನಿಟ್ಸಿಗೆ ಹೊರಟೆವು. 1953ರಿಂದ 1990ರವರೆಗೆ ಕಾರ್ಲ್-ಮಾರ್ಕ್ಸ್-ಸ್ಟಾಟ್ ಎಂಬ ಹೆಸರು ಹೊತ್ತು ಮತ್ತೆ ತನ್ನ ಹಳೆಯ ಹೆಸರಿಗೆ ಮರಳಿದ ಊರದು. ವಾಂಡರರ್ ಕಾರ್ಖಾನೆ ಇದ್ದ ಶೋನೌ ಬಡಾವಣೆಯಲ್ಲಿ ಗಾಡಿ ನಿಲ್ಲಿಸಿದೆವು. ಯಾರೂ ತಿರುಗಿ ನೋಡಲಿಲ್ಲ. ನೋಡಬೇಕೆಂದು ನಾವೂ ಹೋಗಿರಲಿಲ್ಲ.

2018ರಲ್ಲಿ ಜಾವಾ ಹೆಸರು, 2022ರಲ್ಲಿ ಯೆಜ್ಡಿ ಹೆಸರು ಭಾರತದಲ್ಲಿ ಮತ್ತೆ ಮಾರುಕಟ್ಟೆಗೆ ಬಂದಿವೆ. ಆ ಗಾಡಿಗಳು ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಯಾದವಗಿರಿಯಲ್ಲಿ ಉಳಿದಿರುವುದು ಡಬ್ಬಿಗಳಲ್ಲಿರುವ ಬಿಡಿಭಾಗಗಳು, ಅವು ಯಾವ ಗಾಡಿಯ ಎಲ್ಲಿಗೆ ಸೇರುತ್ತವೆಂದು ಬಲ್ಲ ಕೈಗಳು, ಮತ್ತು ಫೋನಿನಲ್ಲೇ ಸೀಲ್ ಒಡೆದದ್ದನ್ನು ಹೇಳಬಲ್ಲ ಕೆಲವು ಹಳೆಯ ಕಿವಿಗಳು. ಆ ಕಿವಿಗಳ ವಯಸ್ಸು ನಮಗೆ ಗೊತ್ತಿದೆ. ಊರಿಗೆ ಹೋದಾಗ ಕೇಳಿ ಬರೆದಿಟ್ಟುಕೊಳ್ಳಬೇಕಾದ್ದು ಬಹಳವಿದೆ, ಮೋಟಾರ್ ಸೈಕಲ್ಲಿನ ಬಗ್ಗೆ ಮಾತ್ರವಲ್ಲ.

ಶೋನೌನಿಂದಲೇ ಮೈಸೂರಿಗೆ ಫೋನ್ ಮಾಡಿದೆವು. ಎಂಜಿನ್ನಿನ ಸದ್ದನ್ನು ಕೇಳಿಸಿದೆವು. ತಂದೆಯವರು ಬಹಳ ಹೊತ್ತು ಸುಮ್ಮನೆ ಕೇಳಿದರು. ಏನಾದರೂ ದೊಡ್ಡ ಮಾತು ಹೇಳುತ್ತಾರೆಂದು ನಾವು ಕಾದೆವು.

"ಎಲ್ಲಾ ಸರಿ," ಎಂದರು. "ಮೈಲೇಜ್ ಎಷ್ಟು ಕೊಡ್ತು?"